ಚಿತ್ರವು ತಪ್ಪು ಪರದೆಗೆ ಹೋಗುವುದೇಕೆ?

ಕಾಲೇಜೊಂದರ ವಿಚಾರಗೋಷ್ಠಿಯಲ್ಲಿ ನಾವು ಕಂಡ ಸಂಗತಿಯಿದು. ವಿದ್ಯಾರ್ಥಿನಿಯೊಬ್ಬಳು ಧೂಮಕೇತುಗಳನ್ನು ಕುರಿತು ಮಾತನಾಡಲು ಸಿದ್ಧಳಾಗಿ ಬಂದಿದ್ದಳು. ಅವಳ ಮುಂದೆ ಲ್ಯಾಪ್‌ಟಾಪ್. ಹಿಂದೆ ಗೋಡೆಯ ಮೇಲೆ ಪ್ರೊಜೆಕ್ಟರಿನ ದೊಡ್ಡ ಪರದೆ. ಗುಂಡಿಯನ್ನೊತ್ತಿದೊಡನೆ ಚಿತ್ರವು ಅವಳೆದುರಿನ ಸಣ್ಣ ಪರದೆಯನ್ನು ತುಂಬಿತು. ತನಗಾಗಿ ಮಾತ್ರ ಬರೆದುಕೊಂಡಿದ್ದ ಟಿಪ್ಪಣಿಗಳು ಸಭಿಕರೆಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಮೂಡಿದುವು. ಅವಳಿಗೆ ಕೊಟ್ಟಿದ್ದ ಹತ್ತು ನಿಮಿಷಗಳಲ್ಲಿ ಆರು ನಿಮಿಷಗಳು ತಂತಿಗಳನ್ನು ಕಿತ್ತು ಸೇರಿಸುವುದರಲ್ಲಿಯೇ ಕಳೆದುಹೋದುವು. ಯಂತ್ರವೇನೂ ಕೆಟ್ಟಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿತ್ತು?

ಎರಡು ಪರದೆ, ಒಂದು ಸಮತಲ

ಒಂದು ಗಣಕಯಂತ್ರಕ್ಕೆ ಹಲವು ಪರದೆಗಳನ್ನು ಜೋಡಿಸುವುದು ಹೊಸದಲ್ಲ. 1987ರ ಮ್ಯಾಕಿಂಟಾಷ್ 2 ಯಂತ್ರದಲ್ಲಿಯೇ ಇದು ಸಾಧ್ಯವಾಗಿತ್ತು. ವಿಂಡೋಸ್ 98 ಒಂಬತ್ತು ಪರದೆಗಳವರೆಗೆ ನಿರ್ವಹಿಸಬಲ್ಲುದಾಗಿತ್ತು. ನಮ್ಮ ಕಣ್ಣಿಗೆ ಈ ಪರದೆಗಳು ಬೇರೆಬೇರೆ. ಯಂತ್ರಕ್ಕಾದರೋ ಅವು ಒಂದೇ ಸಮತಲದ ತುಂಡುಗಳು.

ಗಣಿತದ ತರಗತಿಯಲ್ಲಿ ನಾವು ನಕ್ಷೆಕಾಗದದ ಮೇಲೆ ಬಿಂದುಗಳನ್ನು ಗುರುತಿಸುವ ರೀತಿಯನ್ನು ನೆನೆಯೋಣ. ವಿಂಡೋಸ್‌ನಲ್ಲಿ ಒಂದು ಪರದೆಯು ಪ್ರಧಾನವಾದುದು. ಅದರ ಮೇಲ್ಭಾಗದ ಎಡಮೂಲೆಯೇ ಮೂಲಬಿಂದು, ಎಂದರೆ (0, 0). ಅಲ್ಲಿಂದ ಬಲಕ್ಕೂ ಕೆಳಕ್ಕೂ ಅಳತೆ ಹೆಚ್ಚುತ್ತದೆ. ಪ್ರಧಾನ ಪರದೆಯ ಅಗಲ 1920 ಪಿಕ್ಸೆಲ್, ಪ್ರೊಜೆಕ್ಟರಿನದು 1024 ಪಿಕ್ಸೆಲ್ ಎಂದಿಟ್ಟುಕೊಳ್ಳೋಣ. ಎರಡರ ಮೇಲಂಚುಗಳೂ ಸಮವಾಗಿದ್ದು ಪ್ರೊಜೆಕ್ಟರು ಬಲಕ್ಕಿದ್ದರೆ ಅದರ ಮೂಲೆಯ ಸ್ಥಾನ (1920, 0). ಎಡಕ್ಕಿದ್ದರೆ (−1024, 0).

ಪೂರ್ಣಪರದೆಯ ಚಿತ್ರವನ್ನು ತೋರಿಸುವ ತಂತ್ರಾಂಶವು ಎಲ್ಲಿ ತೋರಿಸಬೇಕೆಂಬುದನ್ನು ಹೇಗೆ ನಿರ್ಧರಿಸುತ್ತದೆ? ಕೆಲವು ಪ್ರಧಾನ ಪರದೆಯನ್ನು ಹಿಡಿಯುತ್ತವೆ. ಕೆಲವು ತಮ್ಮ ಕಿಟಕಿಯು ಆಗ ಇರುವ ಪರದೆಯನ್ನು. ಮತ್ತೆ ಕೆಲವು ಹಿಂದಿನ ಸಲ ನೆನಪಿಟ್ಟ ಸ್ಥಾನವನ್ನು. ನಿನ್ನೆ ಬಲಕ್ಕಿದ್ದ ಪ್ರೊಜೆಕ್ಟರು ಇಂದು ಎಡಕ್ಕೆ ಬಂದರೆ ಆ ನೆನಪು ನಿರರ್ಥಕವಾಗುತ್ತದೆ. ಗೋಡೆಯ ಮೇಲೆ ಏನು ಬೀಳಬೇಕೆಂಬುದನ್ನು ನಾವು ಹೇಳದಿದ್ದರೆ ಯಂತ್ರವು ತನ್ನ ನಿಯಮದಂತೆ ನಡೆಯುತ್ತದೆ.

ಅಂಚುಗಳ ತೊಂದರೆ

ಚಿತ್ರವು ಸರಿಯಾದ ಪರದೆಗೆ ಹೋದರೂ ಅದನ್ನು ತುಂಬದಿರಬಹುದು. ಹಲವು ಲ್ಯಾಪ್‌ಟಾಪುಗಳ ಪರದೆಯಲ್ಲಿ ಅಗಲಕ್ಕೂ ಎತ್ತರಕ್ಕೂ ಇರುವ ಪ್ರಮಾಣ 16:9. ಹಳೆಯ ಪ್ರೊಜೆಕ್ಟರುಗಳಲ್ಲಿ 4:3, ಉದಾಹರಣೆಗೆ 1024 × 768. ಮೊದಲನೆಯದರ ಚಿತ್ರವನ್ನು ಎರಡನೆಯದರಲ್ಲಿ ವಿಕಾರಗೊಳಿಸದೆ ತೋರಿಸಬೇಕಾದರೆ ಅದರ ಎತ್ತರವು 1024 × 9 ÷ 16, ಎಂದರೆ 576 ಸಾಲುಗಳಷ್ಟೇ ಆಗಬೇಕು. ಉಳಿದ 192 ಸಾಲುಗಳು ಮೇಲೆ 96, ಕೆಳಗೆ 96ರಂತೆ ಕಪ್ಪು ಪಟ್ಟಿಗಳಾಗಿ ಕಾಣುತ್ತವೆ. ಇದು ದೋಷವಲ್ಲ, ಗಣಿತ. ಪುಟಗಳನ್ನು ಮೊದಲೇ 4:3 ಪ್ರಮಾಣದಲ್ಲಿ ಸಿದ್ಧಪಡಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ಟೆಲಿವಿಷನ್ನಿನಲ್ಲಿ ಇದಕ್ಕೆ ವಿರುದ್ಧವಾದ ತೊಂದರೆಯುಂಟು: ಚಿತ್ರದ ಅಂಚುಗಳೇ ಕತ್ತರಿಸಿಹೋಗುತ್ತವೆ. ಹಿಂದಿನ ಚಿತ್ರನಳಿಗೆಗಳಲ್ಲಿ ಅಂಚು ನಿಖರವಾಗಿರುತ್ತಿರಲಿಲ್ಲ; ಆದುದರಿಂದ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತಿದ್ದರು. ಆ ಪದ್ಧತಿಯು ಇಂದಿನ ಕೆಲವು ಟೆಲಿವಿಷನ್ನುಗಳಲ್ಲಿಯೂ ಉಳಿದುಬಂದಿದೆ. ಇದನ್ನು ಗಣಕಯಂತ್ರದಲ್ಲಿ ಹುಡುಕದೆ ಟೆಲಿವಿಷನ್ನಿನ ಚಿತ್ರಗಾತ್ರದ ಆಯ್ಕೆಯಲ್ಲಿ ಸರಿಪಡಿಸಬೇಕು.

ಇನ್ನೊಂದು ಕಾರಣ ಹಿಗ್ಗಿಸುವಿಕೆಯ ಶೇಕಡಾಂಶ. 1920 × 1080ರ ಪರದೆಯನ್ನು 150ಕ್ಕೆ ಹಿಗ್ಗಿಸಿದಾಗ ಹಳೆಯ ತಂತ್ರಾಂಶವು ಅದನ್ನು 1280 × 720 ಎಂದೇ ತಿಳಿಯುತ್ತದೆ. ಇನ್ನೊಂದು ಪರದೆಯು 100ರಲ್ಲಿದ್ದರೆ ಒಂದರ ಅಳತೆಯು ಮತ್ತೊಂದಕ್ಕೆ ಹೊಂದದೆ ಚಿತ್ರವು ಮಸುಕಾಗಬಹುದು, ಇಲ್ಲವೆ ಪರದೆಯ ಒಂದು ಭಾಗವನ್ನು ಮಾತ್ರ ತುಂಬಬಹುದು. ಎರಡನ್ನೂ ಸಮಮಾಡಿ, ತಂತ್ರಾಂಶವನ್ನು ಮುಚ್ಚಿ ಪುನಃ ತೆರೆದು ನೋಡಬೇಕು.

ಆಟಗಳಲ್ಲಿ ಮತ್ತೊಂದು ವಿಚಿತ್ರವುಂಟು. ಎರಡನೆಯ ಪರದೆಯ ಮೇಲೆ ಮೌಸನ್ನು ಒತ್ತಿದೊಡನೆ ಆಟವು ಮಾಯವಾಗುತ್ತದೆ. ಆಟವು ಒಂದು ಪರದೆಯನ್ನು ತನ್ನದೇ ಸ್ವತ್ತೆಂಬಂತೆ ಹಿಡಿದಿದ್ದು, ನಮ್ಮ ಗಮನ ಅತ್ತ ಸರಿದಾಗ ಅದನ್ನು ಬಿಟ್ಟುಕೊಡುವುದೇ ಇದಕ್ಕೆ ಕಾರಣ. ಆಟದ ಆಯ್ಕೆಗಳಲ್ಲಿ 'ಬಾರ್ಡರ್‌ಲೆಸ್' ಎಂಬುದನ್ನು ಆರಿಸಿದರೆ ಅದು ಪರದೆಯಷ್ಟೇ ದೊಡ್ಡದಾದ ಸಾಧಾರಣ ಕಿಟಕಿಯಾಗಿ ನಿಲ್ಲುತ್ತದೆ.

ಪರೀಕ್ಷೆಯ ಕ್ರಮ

ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು.

1. ವಿಂಡೋಸ್ ಕೀಲಿಯೊಡನೆ 'ಪಿ' ಒತ್ತಿರಿ. 'ಡುಪ್ಲಿಕೇಟ್' ಎಂದರೆ ಎರಡರಲ್ಲಿಯೂ ಒಂದೇ ಚಿತ್ರ. 'ಎಕ್ಸ್‌ಟೆಂಡ್' ಎಂದರೆ ಎರಡೂ ಸೇರಿ ಒಂದು ಸಮತಲ. ಬೇಕಾದುದನ್ನು ಆರಿಸಿರಿ.

2. ಸೆಟ್ಟಿಂಗ್ಸ್‌ನ 'ಡಿಸ್‌ಪ್ಲೇ' ಪುಟದಲ್ಲಿ 'ಐಡೆಂಟಿಫೈ' ಒತ್ತಿದರೆ ಪ್ರತಿ ಪರದೆಯ ಮೇಲೂ ಅದರ ಸಂಖ್ಯೆ ಕಾಣುತ್ತದೆ. ಅಲ್ಲಿನ ಚೌಕಗಳನ್ನು ನಿಜವಾದ ಪರದೆಗಳಿರುವಂತೆಯೇ ಜೋಡಿಸಿ, ಪ್ರಧಾನ ಪರದೆಯನ್ನು ಗೊತ್ತುಮಾಡಿರಿ.

3. ಕಿಟಕಿಯು ತಪ್ಪು ಪರದೆಯಲ್ಲಿದ್ದರೆ ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳೊಡನೆ ಎಡದ ಅಥವಾ ಬಲದ ಬಾಣವನ್ನೊತ್ತಿ ಸರಿಸಿ, ಆಮೇಲೆ ಪೂರ್ಣಪರದೆ ಮಾಡಿರಿ.

4. ಅನಂತರ ಪಿಕ್ಸೆಲ್ ಅಳತೆ, ಹಿಗ್ಗಿಸುವಿಕೆ, ಕೊನೆಗೆ ತಂತ್ರಾಂಶದ ಸ್ವಂತ ಆಯ್ಕೆಗಳು.

ನಮ್ಮ ವಿದ್ಯಾರ್ಥಿನಿಯ ತೊಂದರೆಗೆ ಈ ಕೊನೆಯದೇ ಸಾಕಾಗಿತ್ತು. ಪವರ್‌ಪಾಯಿಂಟಿನ 'ಸ್ಲೈಡ್ ಶೋ' ವಿಭಾಗದಲ್ಲಿ 'ಮಾನಿಟರ್' ಎಂಬ ಆಯ್ಕೆಯಿದೆ. ಅಲ್ಲಿ ಪ್ರೊಜೆಕ್ಟರನ್ನು ಆರಿಸಿದ್ದರೆ ಚಿತ್ರಗಳು ಗೋಡೆಗೂ ಟಿಪ್ಪಣಿಗಳು ಅವಳ ಕಣ್ಣಿಗೂ ಸೇರುತ್ತಿದ್ದುವು. ತಂತಿಗಳನ್ನು ಮುಟ್ಟಬೇಕಾಗಿಯೇ ಇರಲಿಲ್ಲ. ನಿಮ್ಮ ಸರದಿ ಬಂದಾಗ ಹತ್ತು ನಿಮಿಷ ಮುಂಚಿತವಾಗಿ ಹೋಗಿ ಇದನ್ನು ನೋಡಿಕೊಳ್ಳಿರಿ. ಮಾತಿಗೆಂದು ಕೊಟ್ಟ ವೇಳೆಯು ಮಾತಿಗೇ ಉಳಿಯುತ್ತದೆ.

ಅಭ್ಯಾಸ: ಪ್ರಧಾನ ಪರದೆಯು 1366 × 768, ಅದರ ಎಡಕ್ಕೆ, ಮೇಲಂಚು ಸಮವಾಗಿರುವಂತೆ, 1920 × 1080ರ ಇನ್ನೊಂದು ಪರದೆಯಿದೆ. ಎಡಪರದೆಯ ಮೇಲ್ಭಾಗದ ಎಡಮೂಲೆಯ ಸ್ಥಾನವೇನು? ಅದನ್ನು ಬಲಕ್ಕೆ ಸರಿಸಿದರೆ ಏನಾಗುತ್ತದೆ?