ನರ್ಸರಿಯ ಬೋಳು ಸೈಪ್ರೆಸ್ ಗಿಡವನ್ನು ಕುಂಡದ ಕಿರುಮರವಾಗಿ ತಿದ್ದುವ ಕ್ರಮ

ದೊಡ್ಡ ಮರವಾಗತಕ್ಕ ಜಾತಿಯ ಗಿಡವನ್ನು ಆಳವಿಲ್ಲದ ಕುಂಡದಲ್ಲಿಟ್ಟು, ಕೊಂಬೆಗಳನ್ನೂ ಬೇರುಗಳನ್ನೂ ಕಾಲಕಾಲಕ್ಕೆ ಸವರಿ, ಹಳೆಯ ಮರದ ರೂಪವನ್ನು ಒಂದೆರಡು ಅಡಿಗಳ ಎತ್ತರದಲ್ಲಿಯೇ ತರುವ ವಿದ್ಯೆಗೆ ಬೋನ್ಸಾಯ್ ಎಂದು ಹೆಸರು. ಚೀನಾ ದೇಶದಲ್ಲಿ ಹುಟ್ಟಿದ ಈ ವಿದ್ಯೆಯು ಜಪಾನಿನಲ್ಲಿ ಬೆಳೆದು, ಅಲ್ಲಿಂದ ಇತರ ದೇಶಗಳಿಗೆ ಹರಡಿತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ತೋಟಗಾರರು ತಮ್ಮ ನಾಡಿನ ಮರಗಳಲ್ಲಿ ಇದಕ್ಕೆ ಆರಿಸಿಕೊಂಡವುಗಳ ಪೈಕಿ ಬೋಳು ಸೈಪ್ರೆಸ್ ಮುಖ್ಯವಾದುದು. ಮರದ ಸ್ವಭಾವವನ್ನರಿತು ಕತ್ತಿಯನ್ನು ಹಾಕುವುದು ಹೇಗೆಂಬುದಕ್ಕೆ ಇದು ಒಳ್ಳೆಯ ಪಾಠವಾದ ಕಾರಣ, ತೋಟವುಳ್ಳವರು ಇದರ ಕ್ರಮವನ್ನು ತಿಳಿಯುವುದು ಲೇಸು.

ಮರದ ಸ್ವಭಾವ:— ಟ್ಯಾಕ್ಸೋಡಿಯಂ ಡಿಸ್ಟಿಕಂ ಎಂಬ ಶಾಸ್ತ್ರೀಯ ನಾಮವುಳ್ಳ ಈ ಮರವು ಆ ದೇಶದ ಆಗ್ನೇಯ ಭಾಗದ ಜೌಗು ನೆಲಗಳಲ್ಲಿಯೂ ನದೀತೀರಗಳಲ್ಲಿಯೂ ಬೆಳೆಯುತ್ತದೆ. ಲೂಯಿಸಿಯಾನ ಸಂಸ್ಥಾನವು 1963ರಲ್ಲಿ ಇದನ್ನು ತನ್ನ ಸಂಸ್ಥಾನವೃಕ್ಷವೆಂದು ಅಂಗೀಕರಿಸಿತು. ಉತ್ತರ ಕ್ಯಾರೊಲಿನದ ಬ್ಲ್ಯಾಕ್ ನದಿಯ ಜೌಗಿನಲ್ಲಿರುವ ಒಂದು ಮರಕ್ಕೆ 2,600 ವರ್ಷಗಳಿಗೂ ಮೇಲ್ಪಟ್ಟ ವಯಸ್ಸೆಂದು ಅದರ ಉಂಗುರಗಳನ್ನು ಎಣಿಸಿದ ವಿದ್ವಾಂಸರು 2019ರಲ್ಲಿ ಪ್ರಕಟಿಸಿದರು. ಇದರ ಮೃದುವಾದ ಕಿರಿದೆಲೆಗಳು ಹುಣಿಸೆಯ ಎಲೆಗಳಂತೆ ಕಡ್ಡಿಯ ಎರಡು ಪಕ್ಕಗಳಲ್ಲಿಯೂ ಸಾಲಾಗಿರುತ್ತವೆ. ಚಳಿಗಾಲ ಬರುವಾಗ ಅವು ಕೆಂಬಣ್ಣಕ್ಕೆ ತಿರುಗಿ, ಕಡ್ಡಿಸಹಿತವಾಗಿ ಉದುರಿ, ಮರವು ಬೋಳಾಗುತ್ತದೆ. ಹೆಸರು ಬಂದುದು ಇದರಿಂದಲೇ. ಇದನ್ನರಿಯದ ಹೊಸಬರು ಗಿಡವು ಸತ್ತಿತೆಂದು ಎಸೆಯುವುದುಂಟು. ಉಗುರಿನಿಂದ ತೊಗಟೆಯನ್ನು ತುಸು ಕೆರೆದಾಗ ಒಳಗೆ ಹಸುರು ಕಂಡರೆ ಗಿಡಕ್ಕೆ ಜೀವವಿದೆಯೆಂದು ತಿಳಿಯತಕ್ಕದ್ದು.

ನರ್ಸರಿಯಿಂದಲೇ ಕೊಳ್ಳಬೇಕಾದ ಕಾರಣ:— 19ನೆಯ ಶತಮಾನದ ಕೊನೆಯಿಂದ 1920ರ ದಶಕದವರೆಗೆ ಮರದ ಕಾರ್ಖಾನೆಗಳು ಲೂಯಿಸಿಯಾನದ ಹಳೆಯ ಸೈಪ್ರೆಸ್ ಕಾಡುಗಳ ಬಹುಭಾಗವನ್ನು ಕಡಿದು ಮುಗಿಸಿದವು. ಸಾವಿರಾರು ವರ್ಷ ಬಾಳತಕ್ಕ ಮರಗಳು ಒಂದೆರಡು ತಲೆಗಳ ಅವಧಿಯಲ್ಲಿ ಇಲ್ಲವಾದವು. ಆದಕಾರಣ ಜೌಗಿನ ಗಿಡವನ್ನು ನೆಲದೊಡೆಯನ ಅಪ್ಪಣೆಯಿಲ್ಲದೆ ಕೀಳುವುದು ಸರ್ವಥಾ ತಕ್ಕದ್ದಲ್ಲ. ಬೀಜದಿಂದ ಬೆಳೆಸಿದ ನರ್ಸರಿಯ ಗಿಡವು ಸುಲಭಬೆಲೆಗೆ ದೊರೆಯುವುದಲ್ಲದೆ, ಕುಂಡದ ವಾಸಕ್ಕೆ ಮೊದಲೇ ಒಗ್ಗಿರುತ್ತದೆ.

ಆಯ್ಕೆ:— ಎತ್ತರವನ್ನೂ ಎಲೆಯ ಸೊಂಪನ್ನೂ ನೋಡಿ ಮೋಸಹೋಗಬಾರದು. ಅವೆರಡೂ ಕತ್ತಿಗೆ ಹೋಗತಕ್ಕವು. ನೋಡಬೇಕಾದುದು ಬುಡವನ್ನು. ಮೇಲ್ಮಣ್ಣನ್ನು ಬೆರಳಿನಿಂದ ಸರಿಸಿದಾಗ ಬುಡವು ಅಗಲವಾಗಿದ್ದು, ಬೇರುಗಳು ಸುತ್ತಲೂ ಹರಡಿರಬೇಕು. ಒಂದನ್ನೊಂದು ಸುತ್ತಿಕೊಂಡ ಬೇರುಗಳುಳ್ಳ ಗಿಡವನ್ನು ಬಿಡುವುದು ಮೇಲು. ಬುಡದ ದಪ್ಪದ ಆರರಷ್ಟು ಎತ್ತರವು ಕಣ್ಣಿಗೆ ಒಪ್ಪುವ ಪ್ರಮಾಣ. 2 ಅಂಗುಲ ದಪ್ಪದ ಬುಡವಿದ್ದರೆ 12 ಅಂಗುಲದ ಕಿರುಮರವಾಗುತ್ತದೆ.

ಮೊದಲನೆಯ ಕೊಯ್ತ:— ಚಳಿಗಾಲದ ಕೊನೆಯಲ್ಲಿ, ಮೊಗ್ಗುಗಳು ಉಬ್ಬುವ ಮುನ್ನ, ಕಾಂಡವನ್ನು 7 ಅಂಗುಲಗಳ ಎತ್ತರದಲ್ಲಿ ಹರಿತವಾದ ಗರಗಸದಿಂದ ಓರೆಯಾಗಿ ಕೊಯ್ಯತಕ್ಕದ್ದು. ಉಳಿದ 5 ಅಂಗುಲಗಳನ್ನು ಹೊಸ ಚಿಗುರೇ ತುಂಬಬೇಕು. ಹೀಗೆ ಮಾಡದೆ 12 ಅಂಗುಲಗಳಲ್ಲಿಯೇ ಕೊಯ್ದರೆ, ಮೇಲಕ್ಕೆ ಹೋದಂತೆ ಸಣ್ಣಗಾಗುವ ರೂಪವು ಬಾರದೆ, ಗೂಟದಲ್ಲಿ ಎಲೆ ಮೂಡಿದಂತೆ ಕಾಣುತ್ತದೆ. ಈ ಜಾತಿಯು ಹಳೆಯ ಕಾಂಡದಿಂದಲೂ ಧಾರಾಳವಾಗಿ ಚಿಗುರುವುದರಿಂದ ಭಯಪಡಬೇಕಾದುದಿಲ್ಲ. ಆದರೆ ಅಭ್ಯಾಸವಿಲ್ಲದವರು ಕಾಂಡವನ್ನೂ ಬೇರನ್ನೂ ಒಂದೇ ದಿನ ಕೊಯ್ಯದೆ, ಬೇರಿನ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡುವುದು ಕ್ಷೇಮ.

ಚಿಗುರುಗಳ ನಿರ್ವಾಹ:— ವಸಂತದಲ್ಲಿ ಕೊಯ್ದ ಜಾಗದ ಸುತ್ತ ಹಲವು ಚಿಗುರುಗಳು ಗುಂಪಾಗಿ ಬರುತ್ತವೆ. ಅವುಗಳಲ್ಲಿ ಓರೆಯ ಮೇಲ್ತುದಿಗೆ ಸಮೀಪವಾದ ಒಂದನ್ನು ತುದಿಯಾಗಿ ಇರಿಸಿಕೊಂಡು, ಕೆಳಗೆ ಎಡಬಲಗಳಲ್ಲಿಯೂ ಹಿಂದೆಯೂ ನಾಲ್ಕಾರು ಕೊಂಬೆಗಳನ್ನು ಮಾತ್ರ ಬಿಟ್ಟು, ಮಿಕ್ಕವನ್ನು ತೆಗೆಯತಕ್ಕದ್ದು. ತುದಿಯನ್ನು ಅಲ್ಯೂಮಿನಿಯಂ ತಂತಿಯಿಂದ ನೆಟ್ಟಗೆ ನಿಲ್ಲಿಸಿ, ಅದರ ಬುಡವು ಕಾಂಡದ ದಪ್ಪಕ್ಕೆ ಹೊಂದುವವರೆಗೆ ಎರಡು ಮೂರು ವರ್ಷ ಸ್ವೇಚ್ಛೆಯಾಗಿ ಬೆಳೆಯಗೊಟ್ಟು, ಅನಂತರ ಮೊಟಕುಮಾಡಬೇಕು. ತಂತಿಯು ಕೊಂಬೆಯ ದಪ್ಪದ ಮೂರನೆಯ ಒಂದು ಪಾಲಿನಷ್ಟಿದ್ದರೆ ಸಾಕು. ಈ ಮರವು ಬೇಗ ದಪ್ಪವಾಗುವುದರಿಂದ ಪದೇಪದೇ ಪರೀಕ್ಷಿಸಿ, ತೊಗಟೆಯನ್ನು ಕಚ್ಚುವ ಮುನ್ನವೇ ತಂತಿಯನ್ನು ತುಂಡರಿಸಿ ತೆಗೆಯಬೇಕು. ಬಿಚ್ಚಲು ಹೋದರೆ ಎಳೆಯ ಕೊಂಬೆಯು ಮುರಿಯುವ ಸಂಭವವುಂಟು. ಬಲವೆಲ್ಲ ತುದಿಗೆ ಏರುವುದು ಈ ಮರದ ಗುಣ. ತುದಿಯು ಬಲಿತ ಮೇಲೆ ಅದನ್ನು ಆಗಾಗ್ಗೆ ಚಿವುಟಿ, ಕೆಳಗಿನ ಕೊಂಬೆಗಳನ್ನು ಬಿಡುವಾಗಿ ಬೆಳೆಸದಿದ್ದರೆ ಅವು ಕ್ಷೀಣಿಸುತ್ತವೆ.

ಆಕಾರ:— ಎಳೆಯ ಸೈಪ್ರೆಸ್ ಗೋಪುರದಂತೆ ಚೂಪಾಗಿರುತ್ತದೆ. ವಯಸ್ಸಾದ ಮರದ ತಲೆಯು ಚಪ್ಪಟೆಯಾಗಿ ಹರಡುತ್ತದೆ. ನ್ಯೂ ಆರ್ಲಿಯನ್ಸ್ ನಗರದ ವಾನ್ ಬ್ಯಾಂಟಿಂಗ್ ಎಂಬವರು ಜೌಗಿನ ಹಳೆಯ ಮರಗಳನ್ನು ನೋಡಿ, ಈ ಚಪ್ಪಟೆತಲೆಯ ಮಾದರಿಯನ್ನು ಬೋನ್ಸಾಯಿಯಲ್ಲಿ ಬಳಕೆಗೆ ತಂದರು. ಸಣ್ಣ ಗಿಡಕ್ಕೆ ಗೋಪುರಾಕಾರವು ಸುಲಭ.

ಬೇರು, ನೀರು, ಬಿಸಿಲು:— ಎರಡನೆಯ ಚಳಿಗಾಲದ ಕೊನೆಯಲ್ಲಿ ಗಿಡವನ್ನೆತ್ತಿ, ತಾಯಿಬೇರನ್ನು ಮೊಟಕುಗೊಳಿಸಿ, ಪಕ್ಕದ ಬೇರುಗಳನ್ನು ಹರಡಿ ಅಗಲವಾದ ತೊಟ್ಟಿಯಲ್ಲಿ ನೆಡಬೇಕು. ತುದಿಯು ದಪ್ಪವಾಗುವ ಮೊದಲೇ ಸಣ್ಣ ಕುಂಡಕ್ಕೆ ಹಾಕಿದರೆ ಬೆಳವಣಿಗೆ ನಿಂತುಹೋಗುತ್ತದೆ. ದಿನವೆಲ್ಲ ಬಿಸಿಲು ಬೀಳುವ ಸ್ಥಳ ಉತ್ತಮ. ಬೇಸಗೆಯಲ್ಲಿ ಮಣ್ಣು ಒಂದು ದಿನವೂ ಒಣಗಬಾರದು. ಕುಂಡವನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದರೂ ಈ ಮರವು ಸಹಿಸುತ್ತದೆ. ಬೇರು ಸವರಿದ ಮೇಲೆ ಹೊಸ ಚಿಗುರು ಬಲಿಯುವವರೆಗೆ ಗೊಬ್ಬರ ಹಾಕಬಾರದು. ಚಳಿಗಾಲದ ವಿಶ್ರಾಂತಿಯು ಇದಕ್ಕೆ ಅವಶ್ಯವಾದುದರಿಂದ ಮನೆಯೊಳಗೆ ಬೆಳೆಸತಕ್ಕದ್ದಲ್ಲ; ಆದರೆ ನೀರು ಹೆಪ್ಪುಗಟ್ಟುವ ಪ್ರದೇಶಗಳಲ್ಲಿ ಕುಂಡದ ಬೇರುಗಳನ್ನು ಹಿಮದಿಂದ ಕಾಪಾಡಬೇಕು.

ಈ ಕೆಲಸಕ್ಕೆ ಗರಗಸ, ತಂತಿ, ಕುಂಡಗಳ ವೆಚ್ಚವು ಅಲ್ಪ. ನಿಜವಾದ ವೆಚ್ಚವು ವರ್ಷಗಳದ್ದು. ಗರಗಸವನ್ನೆತ್ತುವ ಮೊದಲು ಗಿಡವನ್ನು ನಾಲ್ಕು ದಿಕ್ಕುಗಳಿಂದಲೂ ನೋಡಿ ನಿಶ್ಚಯಿಸಿಕೊಳ್ಳುವುದು ಯುಕ್ತ. ಅವಸರದ ಒಂದು ಕೊಯ್ತವನ್ನು ಸರಿಪಡಿಸಲು ಮೂರು ಬೇಸಗೆಗಳು ಬೇಕಾಗುತ್ತವೆ.