ಊಟದ ಜಮಾ-ಖರ್ಚು



ಭೋರಿನ ಇಂದ್ರಾಯಣಿ ಅಕ್ಕಿಯ ಬಿಸಿ ಅನ್ನಕ್ಕೆ ತುಪ್ಪ ಬಿದ್ದರೆ ಸಾಕೆನ್ನಲು ಮನಸ್ಸು ಬಾರದು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನ್ನ ಓಡಾಟದ ಖರ್ಚು ನಿಂತಿತು, ಊಟದ ಜಮಾ ನಿಲ್ಲಲಿಲ್ಲ. ಸಕ್ಕರೆ ಕಾಯಿಲೆ ಬಂತು. ಈಗ ಪಾಲಿಸುವುದು ಇಷ್ಟು:

1. ಅರ್ಧ ತಟ್ಟೆ ಪಲ್ಯ-ಕೋಸಂಬರಿ, ಕಾಲು ಭಾಗ ಅನ್ನ ಅಥವಾ ಭಾಕರಿ, ಕಾಲು ಭಾಗ ಬೇಳೆ-ಕಾಳು.

2. ಅನ್ನದ ಪಾತ್ರೆ ಅಡುಗೆಮನೆಯಲ್ಲೇ ಇರಲಿ.

3. ಹೊಟ್ಟೆ ತುಂಬಿದ್ದು ತಿಳಿಯಲು ಸುಮಾರು 20 ನಿಮಿಷ ಬೇಕು. ಟಿವಿ ಆರಿಸಿ, ನಿಧಾನವಾಗಿ ಅಗಿಯಿರಿ.

4. ಹೊತ್ತಿನ ಊಟ ಬಿಡಬೇಡಿ. ರಾತ್ರಿ ಬಡ್ಡಿ ಸಮೇತ ಉಣ್ಣುವಿರಿ.

ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಿ.

ಹಿಡಿತ ತಪ್ಪಿದ ಸಕ್ಕರೆ ಮೂತ್ರಪಿಂಡ ಕೆಡಿಸಿದರೆ ವಾರಕ್ಕೆ 2-3 ಸಲ ಡಯಾಲಿಸಿಸ್ ಬೇಕಾಗಬಹುದು. ಅಂಥ ಮನೆಗಳಿಗಾಗಿಯೇ ನಮ್ಮ ವೈದ್ಯಕೀಯ ನೆರವು ನಿಧಿ. ತಾವು ಉಳಿಸಿದ ತುತ್ತಿನ ಹಣ ಅಲ್ಲಿ ಜಮಾ ಆಗಲಿ.