ಮೊದಲ ಕಾದಂಬರಿ ಬರೆಯುವವರಿಗೆ

ರಾಯಚೂರು ಕಡೆಯ ಗುಂಜಹಳ್ಳಿಯಲ್ಲಿ ಕೂತು ಮೊದಲ ಕಾದಂಬರಿ ಬರೆಯುತ್ತಿರುವ ತಮ್ಮ, ತಂಗಿಯರೇ, ಹತ್ತಿ ಬಿಡಿಸುವ ದಿನಗಳಲ್ಲಿ ಬರವಣಿಗೆ ನಿಂತರೆ ನೊಂದುಕೊಳ್ಳಬೇಡಿ. ಹೊಲ ಕಾಯುವುದಿಲ್ಲ, ಹಸ್ತಪ್ರತಿ ಕಾಯುತ್ತದೆ. ಪಾತ್ರದ ಒಂದು ಮಾತು ಹೊಳೆದರೆ ಮೊಬೈಲಿನಲ್ಲಿ ಹೇಳಿಟ್ಟುಕೊಳ್ಳಿ, ರಾತ್ರಿ ಕಾಗದಕ್ಕಿಳಿಸಿ.

ನಮ್ಮ ಸೀಮೆಯ ಗೀತಾ ನಾಗಭೂಷಣ ಅವರನ್ನು ನೆನೆಯಿರಿ. ಕಲಬುರಗಿ ಕಡೆಯ ಸಾವಳಗಿಯವರು. ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತಲೇ ಪದವಿ ಓದಿದರು, ಆಮೇಲೆ ಪಾಠ ಹೇಳಿದರು, ನೌಕರಿ ಸಂಸಾರಗಳ ನಡುವೆಯೇ ಕಾದಂಬರಿಗಳನ್ನು ಬರೆದರು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿರುವುದು ಈ ನೆಲದ ಆಡುಮಾತೇ. ಹಾಗಾಗಿ ನಿಮ್ಮ ಪಾತ್ರಗಳ ರಾಯಚೂರು ಮಾತನ್ನು ಯಾರ ಮೆಚ್ಚುಗೆಗಾಗಿಯೂ ತಿದ್ದಬೇಡಿ. ನಿಮ್ಮ ದೊಡ್ಡ ಆಸ್ತಿ ಅದೇ ಎಂದು ನಾನು ನಂಬಿದ್ದೇನೆ.

ಅಚ್ಚು ಹಾಕಿಸಲು ಸಾಲ ಮಾಡಬೇಡಿ, ಮನೆಯವರ ಬಂಗಾರ ಒತ್ತೆ ಇಡಬೇಡಿ. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ. ಅರ್ಜಿಯ ಪ್ರಕಟಣೆ ಬಂದಾಗ ವಯಸ್ಸಿನ ಮಿತಿ, ಕೊನೆಯ ದಿನಾಂಕ ನೋಡಿಕೊಳ್ಳಿ. ಪುಸ್ತಕ ಬಂದ ಮೇಲೆ, ಲೇಖಕರ ಮೊದಲ ಸ್ವತಂತ್ರ ಕೃತಿಗೇ ಮೀಸಲಾದ ಮಧುರಚೆನ್ನ ದತ್ತಿನಿಧಿ ಬಹುಮಾನ ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿದೆ. ಪ್ರಕಾಶಕರಿಗೆ ಹಸ್ತಪ್ರತಿ ಕಳಿಸುವ ಮುನ್ನ ಒಂದು ನಕಲು ಮನೆಯಲ್ಲಿ ಇಟ್ಟುಕೊಳ್ಳಿ.